ಗ್ರಂಥಾಲಯ ಬಳಗದ ವರ್ಷದ ಕಾಯಕ



ನಿಮ್ಮೂರ ಗ್ರಂಥಾಲಯ ಹಿತೈಷಿ ಬಳಗದ ಕಾರ್ಯದರ್ಶಿಗಳು ಈಗ ತಾನೇ ವರ್ಷದ ವರದಿಯನ್ನು ಓದಿದರು. ಆಗಸ್ಟ್ 12ರಂದು ರಂಗನಾಥನ್ ಅವರ ಜಯಂತಿ, ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ, ಏಪ್ರಿಲ್ 23ರಂದು ಪುಸ್ತಕ ದಿನ, ನಡುನಡುವೆ ಪುಸ್ತಕ ಸಂಗ್ರಹ, ಮಕ್ಕಳಿಗೆ ಬೇಸಿಗೆ ಶಿಬಿರ, ದಾನಿಗಳಿಗೆ ಸನ್ಮಾನ. ಕೇಳಿ ನಮಗೆ ಸಂತೋಷವಾಯಿತು. ಆದರೆ ಒಂದು ಲೆಕ್ಕ ಅದರಲ್ಲಿ ಬರಲಿಲ್ಲ. ಎಷ್ಟು ಜನರಿಗೆ ಶಾಲು ಹೊದಿಸಿದಿರಿ ಎಂಬುದು ಬಂದಿತು. ಎಷ್ಟು ಪುಸ್ತಕಗಳು ಮನೆಗಳಿಗೆ ಹೋಗಿ, ಓದಿಸಿಕೊಂಡು ಹಿಂದಿರುಗಿದವು ಎಂಬುದು ಬರಲಿಲ್ಲ. ಎಷ್ಟು ಅಕ್ಕಿ ಬೆಂದಿತು ಎಂದು ಹೇಳಿ, ಉಂಡವರೆಷ್ಟು ಎಂದು ಹೇಳದೆ ಹೋದರೆ ಅದು ದಾಸೋಹದ ಲೆಕ್ಕವಾಗುವುದಿಲ್ಲ.

ನೀವು ಜಯಂತಿ ಮಾಡುವ ಆ ಮಹನೀಯರಾದರೂ ಯಾರು? ಶಿಯಾಳಿ ರಾಮಾಮೃತ ರಂಗನಾಥನ್ ಅವರು 1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದರು. ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದರು. ಬಾಳಿನ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು, 1972ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. ಅವರ ಪಟಕ್ಕೆ ಹಾರ ಹಾಕುವುದು ಒಳ್ಳೆಯದೇ. ಅವರ ಸೂತ್ರಗಳನ್ನು ವರ್ಷದ ಕೆಲಸಕ್ಕೆ ಒರೆಗಲ್ಲು ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು.

ಅವರ ಮೊದಲನೆಯ ಮಾತಿನ ತಿರುಳು ಇಷ್ಟೇ: ಪುಸ್ತಕವಿರುವುದು ಬಳಕೆಗೆ, ಕಾಪಿಡುವುದಕ್ಕಲ್ಲ. ಇದು ನಮ್ಮ ನಾಡಿಗೆ ಹೊಸ ಪಾಠವಲ್ಲ. ಎಷ್ಟೋ ಮನೆಗಳಲ್ಲಿ ವಚನಗಳ ತಾಡೋಲೆ ಕಟ್ಟುಗಳು ಜಗುಲಿಯ ಮೇಲೆ ಕುಳಿತು ಪೂಜೆಗೊಳ್ಳುತ್ತಿದ್ದವು. ವಿಭೂತಿ ಹಚ್ಚುವವರಿದ್ದರು, ಬಿಚ್ಚಿ ಓದುವವರಿರಲಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅಂಥ ಓಲೆಗಳನ್ನು ಹುಡುಕಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು. ಪೂಜೆಯ ಕಟ್ಟು ಓದುವ ಪುಸ್ತಕವಾಯಿತು. ಇಂದು ನಿಮ್ಮ ಗ್ರಂಥಾಲಯದ ಗಾಜಿನ ಕಪಾಟಿಗೆ ಬೀಗ ಬಿದ್ದಿದೆ. ‘ಮಕ್ಕಳು ಹರಿದುಬಿಡುತ್ತಾರೆ ಬುದ್ಧೀ’ ಎಂದು ಒಬ್ಬರು ನಮ್ಮ ಕಿವಿಯಲ್ಲಿ ಹೇಳಿದರು. ಹತ್ತು ಮಕ್ಕಳು ಓದಿ ಹರಿದ ಪುಸ್ತಕ ಸಾರ್ಥಕವಾಯಿತು. ಯಾರೂ ಮುಟ್ಟದೆ ಗೆದ್ದಲು ತಿಂದ ಪುಸ್ತಕ ವ್ಯರ್ಥವಾಯಿತು.

ಎರಡನೆಯದು ಮತ್ತು ಮೂರನೆಯದು ಒಂದನ್ನೊಂದು ಹಿಡಿದು ನಡೆಯುತ್ತವೆ. ಬಂದ ಓದುಗನಿಗೆ ಅವನಿಗೆ ಬೇಕಾದ ಪುಸ್ತಕ ಸಿಗಬೇಕು. ಇಟ್ಟ ಪುಸ್ತಕಕ್ಕೆ ಅದನ್ನು ಓದುವವನು ಸಿಗಬೇಕು. ನೀವು ಜೋಳಿಗೆ ಹಿಡಿದು ಮನೆಮನೆಯಲ್ಲಿ ಪುಸ್ತಕ ಬೇಡಿದಿರಿ. ಬೇಡುವುದರಲ್ಲಿ ನಾಚಿಕೆಯಿಲ್ಲ, ಜೋಳಿಗೆಯ ಮಹಿಮೆ ಮಠಕ್ಕೆ ಗೊತ್ತು. ಆದರೆ ಜೋಳಿಗೆಗೆ ಬಿದ್ದುದೇನು? ಬದಲಾದ ಪಠ್ಯಪುಸ್ತಕ, ಹಳೆಯ ಗೈಡು, ಮುಖಪುಟವಿಲ್ಲದ ಪತ್ರಿಕೆ. ಹಬ್ಬಕ್ಕೆ ಮನೆ ಗುಡಿಸಿದ ಕಸವನ್ನು ದಾನವೆನ್ನಬೇಡಿ. ಕೊಡುವವರು ತಾವು ಇಷ್ಟಪಟ್ಟು ಓದಿದ ಒಂದೇ ಪುಸ್ತಕವನ್ನು ಕೊಡಲಿ, ಸಾಕು. ಬಳಗದವರು ಮೊದಲು ರೈತನನ್ನು, ಟೇಲರನನ್ನು, ಅಂಗನವಾಡಿಯ ತಾಯಿಯನ್ನು ಕೇಳಲಿ: ‘ನಿಮಗೆ ಯಾವ ಪುಸ್ತಕ ಬೇಕು?’ ಆಮೇಲೆ ಜೋಳಿಗೆ ಹಿಡಿಯಲಿ.

ನಾಲ್ಕನೆಯದು ಓದುಗನ ಹೊತ್ತನ್ನು ಉಳಿಸುವುದು. ಹಗಲೆಲ್ಲ ಹೊಲದಲ್ಲಿ, ಕೂಲಿಯಲ್ಲಿ ದುಡಿದವನು ಸಂಜೆ ಬಂದರೆ ಬಾಗಿಲು ಮುಚ್ಚಿರುತ್ತದೆ. ಅವನಿಗೆ ಆ ಗ್ರಂಥಾಲಯ ಇದ್ದೂ ಇಲ್ಲ. ಬರಲಾರದವರಿಗೆ ಏನು ಗತಿ? 1931ರಲ್ಲಿ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೆ ಎಂಬವರು ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಜೋಡಿಸಿ ಸುತ್ತಲ ಹಳ್ಳಿಗಳಿಗೆ ಕಳಿಸಿದರು. ಎತ್ತಿನ ಗಾಡಿಯಲ್ಲಿ ಆದದ್ದು ನಿಮ್ಮೂರ ಹುಡುಗರ ಮೋಟಾರು ಸೈಕಲ್ಲಿನಲ್ಲಿ ಆಗದೇ?

ಐದನೆಯದು, ಗ್ರಂಥಾಲಯ ಬೆಳೆಯುವ ಜೀವ. ಬೆಳೆಯಬೇಕಾದರೆ ಆಹಾರ ಬೇಕು. ಆಗಿನ ಮೈಸೂರು ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವಾಯಿತು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಬಂದಿತು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಆದ್ದರಿಂದ ಗ್ರಂಥಾಲಯ ಯಾರೋ ಹಾಕಿದ ಭಿಕ್ಷೆಯಲ್ಲ, ಅದು ನಿಮ್ಮದು. ಗ್ರಾಮಸಭೆಯಲ್ಲಿ ರಸ್ತೆಯನ್ನು ಕೇಳುವ ಹಾಗೆಯೇ ಪುಸ್ತಕವನ್ನೂ ಕೇಳಿ. ಸರ್ಕಾರ ಮಾಡಬೇಕಾದುದನ್ನು ಕೇಳಿ ಮಾಡಿಸುವುದು, ಅದರ ಕೈಗೆ ಎಟುಕದುದನ್ನು ತಾವೇ ಮಾಡುವುದು, ಇದೇ ಹಿತೈಷಿ ಬಳಗದ ಕಾಯಕ.

ಕೊನೆಗೆ ನೀವು ನಮ್ಮ ಮುಂದಿಟ್ಟ ಪ್ರಶ್ನೆ. ಕೂಡಿದ ಹಣದಲ್ಲಿ ದಾನಿಗಳ ಹೆಸರು ಕೊರೆದ ಕಲ್ಲಿನ ಕಮಾನು ಕಟ್ಟಬೇಕೋ, ಸಂಜೆ ಎರಡು ತಾಸು ಬಾಗಿಲು ತೆರೆದಿಡಲು ಒಬ್ಬರಿಗೆ ಗೌರವಧನ ಕೊಡಬೇಕೋ? ನಿಮ್ಮಲ್ಲಿ ಇದಕ್ಕಾಗಿ ಎರಡು ಪಕ್ಷಗಳಾಗಿವೆ ಎಂದು ಕೇಳಿದ್ದೇವೆ. ಕಮಾನಿನ ಮೇಲಿನ ಹೆಸರನ್ನು ಓದುವುದಕ್ಕೂ ಊರಿನವರಿಗೆ ಓದು ಬರಬೇಕಲ್ಲವೇ? ಮೊದಲು ದೀಪ ಹಚ್ಚಿ, ಬಾಗಿಲು ತೆರೆಯಿರಿ. ಹೆಸರು ಬೇಕೆನ್ನುವ ದಾನಿಗಳು ಬೇಸರಪಡಬಾರದು; ನೀವು ಕೊಟ್ಟ ಪುಸ್ತಕವನ್ನು ಓದಿ ಒಬ್ಬ ಬಡ ಹುಡುಗಿ ಪರೀಕ್ಷೆಯಲ್ಲಿ ಗೆದ್ದರೆ, ಆ ಹೆಸರು ಕಲ್ಲಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಮುಂದಿನ ವರ್ಷದ ವರದಿಯಲ್ಲಿ ಶಾಲುಗಳ ಲೆಕ್ಕ ಇಳಿಯಲಿ, ಓದಿದವರ ಲೆಕ್ಕ ಏರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.