ಮನೆಯಲ್ಲಿ ಹುಟ್ಟಿದ ಕತೆ



ಈ ವರ್ಷ ‘ನನಗೆ ಇಷ್ಟವಾದ ಕತೆ’ ಎಂಬ ಪಾಠದಲ್ಲಿ ನಿಮ್ಮಲ್ಲಿ ಮೂವರು ‘ಟ್ರೆಷರ್ ಐಲೆಂಡ್’ ಆರಿಸಿಕೊಂಡಿರಿ. ಒಂಟಿಕಾಲಿನ ಜಾನ್ ಸಿಲ್ವರ್, ಅವನ ಗಿಳಿ, ಸೇಬಿನ ಪೀಪಾಯಿಯೊಳಗೆ ಅಡಗಿ ಕಡಲ್ಗಳ್ಳರ ಸಂಚು ಕೇಳಿಸಿಕೊಂಡ ಜಿಮ್, ಎಲ್ಲರೂ ನಿಮ್ಮ ಬಾಯಲ್ಲಿ ಕನ್ನಡ ಮಾತಾಡಿದರು. ಹಾಗಾಗಿ ಆ ಕತೆ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವರ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ.

ಅವರು ಹುಟ್ಟಿದ್ದು 1850ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಾತ, ತಂದೆ, ದೊಡ್ಡಪ್ಪಂದಿರು ಸಮುದ್ರದಲ್ಲಿ ದೀಪಸ್ತಂಭ ಕಟ್ಟಿದ ಎಂಜಿನಿಯರುಗಳು. ಇವರು ಎಂಜಿನಿಯರಿಂಗ್ ಬಿಟ್ಟರು. ಕಾನೂನು ಓದಿದರೂ ವಕೀಲಿಕೆ ಮಾಡಲಿಲ್ಲ. ಚಿಕ್ಕಂದಿನಿಂದ ಎದೆಯ ಕಾಯಿಲೆ. ಮಗ ಬರವಣಿಗೆ ಹಿಡಿದದ್ದು ತಂದೆ ಥಾಮಸ್ ಅವರಿಗೆ ಸಮಾಧಾನ ತಂದಿರಲಿಲ್ಲ.

1881ರ ಬೇಸಿಗೆಯಲ್ಲಿ ಕುಟುಂಬ ಬ್ರೇಮಾರ್ ಎಂಬ ಊರಿನಲ್ಲಿತ್ತು. ಹೊರಗೆ ಮಳೆ. ಪತ್ನಿ ಫ್ಯಾನಿಯ ಮೊದಲ ಮದುವೆಯ ಮಗ, 13 ವರ್ಷದ ಲಾಯ್ಡ್, ಮನೆಯೊಳಗೆ ಬಣ್ಣ ಹಾಕುತ್ತಾ ಕೂರುತ್ತಿದ್ದ. ಅವನೊಂದಿಗೆ ಸೇರಿದ ಸ್ಟೀವನ್‌ಸನ್ ಒಂದು ದ್ವೀಪದ ನಕ್ಷೆ ಬಿಡಿಸಿದರು. ಆ ನಕ್ಷೆಯಿಂದ ಕತೆ ಹುಟ್ಟಿತು. ದಿನಕ್ಕೊಂದು ಅಧ್ಯಾಯ ಬರೆದು ಮನೆಯವರಿಗೆ ಓದಿ ಹೇಳುತ್ತಿದ್ದರು. 60 ದಾಟಿದ ಥಾಮಸ್ ಕೂಡ ಹುಡುಗನಂತೆ ಕೇಳಿದರು. ಕಡಲ್ಗಳ್ಳ ಬಿಲ್ಲಿ ಬೋನ್ಸನ ಪೆಟ್ಟಿಗೆಯಲ್ಲಿ ಏನೇನಿರಬೇಕು ಎಂದು ಪಟ್ಟಿ ಮಾಡಿಕೊಟ್ಟವರು ಅವರೇ! 15 ಅಧ್ಯಾಯಗಳಾದ ಮೇಲೆ ಕತೆ ನಿಂತುಹೋಯಿತು. ಮುಂದೆ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಅದನ್ನು ಮುಗಿಸಿದರು. ಪುಸ್ತಕವಾಗಿ ಬಂದದ್ದು 1883ರಲ್ಲಿ.

ಕೊನೆಯ ವರ್ಷಗಳನ್ನು ಅವರು ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಕಳೆದರು. ಸಮೋವಾದ ಭಾಷೆ ಕಲಿತರು. ಜನ ಅವರನ್ನು ‘ತುಸಿತಾಲ’, ಅಂದರೆ ಕತೆ ಬರೆಯುವವ, ಎಂದು ಕರೆದರು. 1894ರ ಡಿಸೆಂಬರ್ 3ರಂದು, 44ನೇ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಅಂದು ಬೆಳಗ್ಗೆಯೂ ಅವರು ಹೇಳಿ ಬರೆಸುತ್ತಿದ್ದದ್ದು ‘ವೀರ್ ಆಫ್ ಹರ್ಮಿಸ್ಟನ್’ ಎಂಬ ಸ್ಕಾಟ್ಲೆಂಡಿನ ಕತೆ. ಅದರ ಎಷ್ಟೋ ಪಾತ್ರಗಳು ಆಡುವುದು ಸ್ಕಾಟ್ಸ್ ನುಡಿ. ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಸುತ್ತ ಬೇರೆ ಭಾಷೆಯ ನಡುವೆ, ಚಿಕ್ಕಂದಿನಲ್ಲಿ ಕಿವಿಗೆ ಬಿದ್ದ ಮಾತು ಅವರ ಜೊತೆಗೇ ಇತ್ತು.

ಮಕ್ಕಳೇ, ಮುಂದಿನ ಭಾನುವಾರ ನಿಮಗೆ ತರಗತಿ ಇಲ್ಲ. ‘ಇನ್ನು ಕನ್ನಡ ಯಾರ ಹತ್ತಿರ ಮಾತಾಡೋದು ಟೀಚರ್?’ ಎಂದು ನಿಮ್ಮಲ್ಲೊಬ್ಬಳು ಕೇಳಿದಳು. ಆ ಪ್ರಶ್ನೆ ನನ್ನನ್ನೂ ಕಾಡುತ್ತಿದೆ. ವಾರಕ್ಕೆ ಎರಡು ಗಂಟೆ ನಾವು ಕಲಿಸಿದ್ದು ಅಕ್ಷರ, ಓದು, ಒಂದಿಷ್ಟು ವ್ಯಾಕರಣ. ಅದು ಉಳಿಯುವುದು ಮನೆಯಲ್ಲಿ ಬಳಸಿದರೆ ಮಾತ್ರ. ಪೋಷಕರೇ, ಮಕ್ಕಳು ತಪ್ಪು ಮಾತಾಡಿದರೆ ನಗಬೇಡಿ. ರಾತ್ರಿ ಊಟವಾದ ಮೇಲೆ ಒಂದು ಪುಟ ಗಟ್ಟಿಯಾಗಿ ಓದಿಸಿ, ನೀವೂ ಕೂತು ಕೇಳಿ.

ಮಕ್ಕಳೇ, ಈ ರಜೆಯಲ್ಲಿ ಒಂದು ದ್ವೀಪದ ನಕ್ಷೆ ಬರೆಯಿರಿ. ಬೆಟ್ಟ, ಹಳ್ಳ, ಗುಹೆಗಳಿಗೆ ಕನ್ನಡದ ಹೆಸರಿಡಿ. ಆಮೇಲೆ ಊರಿಗೆ ಫೋನ್ ಮಾಡಿ, ಕಡಲ್ಗಳ್ಳನ ಪೆಟ್ಟಿಗೆಯಲ್ಲಿ ಏನೇನಿರಬಹುದು ಎಂದು ಅಜ್ಜ ಅಜ್ಜಿಯನ್ನು ಕೇಳಿ. ಅವರು ಹೇಳಿದ್ದನ್ನೆಲ್ಲ ಪಟ್ಟಿ ಮಾಡಿಕೊಳ್ಳಿ.