ಫೌಸ್ತೀನಳ ಹೆಣ್ಣುಮಕ್ಕಳು

(ಶಾಲಾ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮ ಈ ಪಶ್ಚಿಮ ಕರಾವಳಿಯ ಒಳ್ಳೆಮೆಣಸಿಗೆ ಹಿಂದೆ ರೋಮಿನ ವರ್ತಕರು ಚಿನ್ನವನ್ನೇ ಬೆಲೆಯಾಗಿ ತೆರುತ್ತಿದ್ದರು. ಅವರ ಚಿನ್ನದ ನಾಣ್ಯಕ್ಕೆ 'ಔರಿಯಸ್' ಎಂದು ಹೆಸರು. ತೂಕ ಸುಮಾರು 7 ಗ್ರಾಂ. ಬೆಲೆ 25 ಬೆಳ್ಳಿಯ ನಾಣ್ಯಗಳಿಗೆ ಸಮಾನ. ಅಂತಹ ಒಂದು ನಾಣ್ಯದ ವಿಷಯವಾಗಿ ಈ ದಿನ ಎರಡು ಮಾತುಗಳನ್ನಾಡಬಯಸುತ್ತೇನೆ.

ಕ್ರಿ. ಶ. 138ರಿಂದ 161ರವರೆಗೆ ರೋಮನ್ನು ಆಳಿದ ಚಕ್ರವರ್ತಿ ಅಂತೋನಿನಸ್ ಪಯಸ್. ಆತನ ಪಟ್ಟದರಸಿ ಫೌಸ್ತೀನ 140ರ ಸುಮಾರಿಗೆ ಕಾಲವಾದಳು. ಚಕ್ರವರ್ತಿಯು ಆಕೆಗೆ ದೇವಾಲಯವನ್ನು ಕಟ್ಟಿಸಿದನು. ಅದರ ಕಂಬಗಳು ರೋಮ್ ನಗರದಲ್ಲಿ ಇಂದಿಗೂ ನಿಂತಿವೆ. ಆಕೆಯ ಮುಖಮುದ್ರೆಯುಳ್ಳ ನಾಣ್ಯಗಳನ್ನೂ ವರ್ಷಗಟ್ಟಲೆ ಟಂಕಿಸಿದನು. ಅವುಗಳ ಹಿಂಬದಿಯಲ್ಲಿ ಒಮ್ಮೆ ಧಾನ್ಯದೇವತೆಯಾದ ಸೆರೆಸ್, ಒಮ್ಮೆ ಒಲೆಯ ಅಗ್ನಿಯನ್ನು ಕಾಯುವ ವೆಸ್ತಾ, ಒಮ್ಮೆ ದೇವರಾಣಿ ಜೂನೋ. ಸೆರೆಸಳ ಕೈಯ ತೆನೆಗಳನ್ನು ಕಂಡರೆ ನಮಗೆ ಅನ್ನಪೂರ್ಣೆಯ ಸ್ಮರಣೆಯಾಗದಿರದು.

ಆದರೆ ಒಂದು ಔರಿಯಸಿನ ಹಿಂಬದಿಯಲ್ಲಿ ದೇವತೆಯಿಲ್ಲ. ಎತ್ತರದ ಪೀಠದಲ್ಲಿ ಚಕ್ರವರ್ತಿ. ಆತನ ಮುಂದೆ ಮಕ್ಕಳು, ಅವರನ್ನು ಕರೆತಂದ ಹಿರಿಯರು. ಬರೆಹವು 'ಪುಯೆಲ್ಲೇ ಫೌಸ್ತಿನಿಯಾನೇ', ಅಂದರೆ 'ಫೌಸ್ತೀನಳ ಹೆಣ್ಣುಮಕ್ಕಳು'. ಮಡದಿಯ ನೆನಪಿಗಾಗಿ ಚಕ್ರವರ್ತಿಯು ಬಡ ಬಾಲಿಕೆಯರ ಪೋಷಣೆಗೆ ಒಂದು ದತ್ತಿಯನ್ನು ಸ್ಥಾಪಿಸಿದ್ದನು. ನಾಣ್ಯವು ಸಾರುವುದು ಅದನ್ನೇ.

ಅರಸರು ತಮ್ಮ ಕೀರ್ತಿಗಾಗಿ ನಾಣ್ಯಗಳನ್ನು ಹೊಡೆಸುವುದುಂಟು. ಇದೂ ಅದಕ್ಕೆ ಹೊರತಲ್ಲ. ಆದರೂ ದೇವತೆಯ ಸ್ಥಾನದಲ್ಲಿ ಬಡವರ ಮಕ್ಕಳನ್ನು ನಿಲ್ಲಿಸಿದುದು ಸಾಮಾನ್ಯವೇ? ಅರಸಿಯ ಹೆಸರನ್ನು ನಾವು ಇಂದೂ ಓದುತ್ತೇವೆ. ಆ ಬಾಲಿಕೆಯರಲ್ಲಿ ಒಬ್ಬಳ ಹೆಸರೂ ನಾಣ್ಯದ ಮೇಲಿಲ್ಲ.

ಪೋಷಕರೇ, ನಮ್ಮ ಸಂಘವು ಚಕ್ರವರ್ತಿಯದಲ್ಲ. ಊರವರು ಕೂಡಿಸಿದ ಕಾಣಿಕೆಯಿಂದ ನಡೆಯುವಂಥದು. ನಮ್ಮಲ್ಲಿ ಚಿನ್ನವಿಲ್ಲ, ಹಾಜರಿ ಪುಸ್ತಕವಿದೆ. ಅದರಲ್ಲಿ ಪ್ರತಿಯೊಬ್ಬ ಬಾಲಿಕೆಯ ಹೆಸರೂ ಇದೆ. ಏಳನೆಯ ತರಗತಿ ಮುಗಿಯುತ್ತಲೇ ಕೆಲವು ಹೆಸರುಗಳನ್ನು ಕೆಂಪು ಶಾಯಿಯಿಂದ ಹೊಡೆದುಹಾಕುವ ಕೆಲಸ ನನ್ನ ಪಾಲಿಗೆ ಬರುತ್ತದೆ. ತಮ್ಮಂದಿರನ್ನು ನೋಡಿಕೊಳ್ಳಬೇಕು, ಮನೆಗೆಲಸಕ್ಕೆ ಜನವಿಲ್ಲ ಎಂದು ನೀವು ಹೇಳುವ ಕಾರಣಗಳನ್ನು ನಾನು ಬಲ್ಲೆ. ಅವು ಸುಳ್ಳೆಂದು ಹೇಳಲಾರೆ. ಪುಸ್ತಕ, ಶುಲ್ಕಗಳ ಅಡಚಣೆಯಿದ್ದರೆ ಸಂಕೋಚಪಡದೆ ಸಂಘಕ್ಕೆ ತಿಳಿಸಿರಿ, ಸಂಘವಿರುವುದೇ ಅದಕ್ಕಾಗಿ. ಆದರೆ ಈ ವರ್ಷ ಒಂದು ಹೆಸರನ್ನೂ ನನ್ನಿಂದ ಹೊಡೆಯಿಸಬೇಡಿರೆಂದು ಕೈಮುಗಿದು ಬೇಡುತ್ತೇನೆ.