ಗಾಳಿಗೆ ದಾರಿ ಬೇಕು
(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಮನೆಯಲ್ಲಿಡುವ ಚಿಕ್ಕ ಸರ್ವರ್ ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕುಗಳನ್ನು ತಂಪಾಗಿಡುವುದು ಹೇಗೆಂಬುದು ಇಂದಿನ ವಿಷಯ. ಇದು ಎಂಜಿನಿಯರರ ಮಾತು, ನಮಗೇಕೆ ಎಂದು ಯಾರೂ ಎದ್ದು ಹೋಗಬಾರದು. ಊರಿನ ಜಮೀನಿನ ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡು, ಪ್ರಾವಿಡೆಂಟ್ ಫಂಡಿನ ಕಾಗದ, ತೀರಿಕೊಂಡ ಹಿರಿಯರ ಭಾವಚಿತ್ರ ಇವೆಲ್ಲ ಮೊದಲು ಟ್ರಂಕಿನಲ್ಲಿರುತ್ತಿದ್ದವು. ಈಗ ಎಷ್ಟೋ ಮನೆಗಳಲ್ಲಿ ಡಿಸ್ಕಿನಲ್ಲಿವೆ. ಬಾಡಿಗೆಯ ಖೋಲಿಯಲ್ಲಿ ಜಾಗ ಕಡಿಮೆಯಾದುದರಿಂದ ಪೆಟ್ಟಿಗೆಯೂ ಚಿಕ್ಕದನ್ನೇ ಕೊಳ್ಳುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಡಿಸ್ಕಿನೊಳಗೆ ತಟ್ಟೆಗಳು ತಿರುಗುತ್ತಿರುತ್ತವೆ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದು ಅದರ ಲಕ್ಷಾಂತರ ಪಟ್ಟು ಒಂದೇ ಅಂಗೈಯಲ್ಲಿ ಕುಳಿತಿದೆ. ಆದರೆ ತಟ್ಟೆ ಇನ್ನೂ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗಲೇಬೇಕು, ಬಿಸಿಯಾಗಲೇಬೇಕು. ಒಂದು ಡಿಸ್ಕಿಗೆ ಸುಮಾರು 5ರಿಂದ 8 ವಾಟ್ ವಿದ್ಯುತ್ತು ಬೇಕು. ಅದಷ್ಟೂ ಕೊನೆಗೆ ಶಾಖವಾಗುತ್ತದೆ.

ಈಗ ಗುಮಾಸ್ತರ ಲೆಕ್ಕಕ್ಕೆ ಬರೋಣ. ನಾಲ್ಕು ಡಿಸ್ಕುಗಳಿಗೆ ಏಳೇಳು ವಾಟಿನಂತೆ 28 ವಾಟ್. ಹತ್ತು ಲೀಟರ್ ಗಾಳಿ ಸುಮಾರು 12 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಅಷ್ಟೇ ಗಾಳಿ ಡಿಸ್ಕುಗಳ ನಡುವೆ ಹಾದುಹೋದರೂ ಈ ಶಾಖವನ್ನೆಲ್ಲ ಹೊತ್ತೊಯ್ಯುವಾಗ ಆ ಗಾಳಿ ಎರಡೂವರೆ ಡಿಗ್ರಿಗಿಂತ ಹೆಚ್ಚು ಬಿಸಿಯಾಗುವುದಿಲ್ಲ. 120 ಮಿಲಿಮೀಟರಿನ ಸಾಧಾರಣ ಫ್ಯಾನು ನಿಧಾನವಾಗಿ ತಿರುಗಿಯೂ ಇದನ್ನು ಮಾಡಬಲ್ಲದು. ಹಾಗಾದರೆ ಡಿಸ್ಕು ಕೈ ಸುಡುವಷ್ಟು ಕಾಯುವುದೇಕೆ? ಗಾಳಿ ಸಾಲದೆ ಅಲ್ಲ, ಅದು ಡಿಸ್ಕುಗಳ ನಡುವೆ ಹೋಗದೆ. ನೀರಿನಂತೆ ಗಾಳಿಯೂ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಪಕ್ಕದಲ್ಲಿ ತೂತಿದ್ದರೆ ಅಲ್ಲಿಂದಲೇ ನುಸುಳಿ ಹೋಗುತ್ತದೆ. ಡಿಸ್ಕುಗಳ ಇಕ್ಕಟ್ಟಿನ ಸಂದಿಗೆ ಹೋಗುವುದಿಲ್ಲ.

ಆದ್ದರಿಂದ ಫ್ಯಾನಿಗೆ ದುಡ್ಡು ಸುರಿಯುವ ಮೊದಲು ದಾರಿ ಸರಿಮಾಡಬೇಕು. ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ಗು ಕಿತ್ತಿಡಿ. ಡಿಸ್ಕುಗಳನ್ನು ಒತ್ತೊತ್ತಾಗಿ ಇಡದೆ, ಖಾಲಿ ಮನೆ ಇದ್ದರೆ ನಡುವೆ ಬಿಡಿ. ವಯರುಗಳನ್ನು ಕಟ್ಟಿ ಬದಿಗೆ ಸರಿಸಿ. ಫ್ಯಾನಿಗೂ ಡಿಸ್ಕಿಗೂ ನಡುವೆ ಪಕ್ಕದಲ್ಲಿ ಬಿಟ್ಟಿರುವ ಸಂದಿಗಳನ್ನು ರಟ್ಟು, ಟೇಪುಗಳಿಂದ ಮುಚ್ಚಿ. ಮುಂದಿನಿಂದ ಒಳಗೆ, ಹಿಂದಿನಿಂದ ಹೊರಗೆ, ಇದೇ ಗಾಳಿಯ ಕ್ರಮವಾಗಿರಲಿ. ಅನೇಕ ಫ್ಯಾನುಗಳ ಚೌಕಟ್ಟಿನ ಮೇಲೆ ಗಾಳಿಯ ದಿಕ್ಕು ತೋರುವ ಬಾಣದ ಗುರುತಿರುತ್ತದೆ. ಜಾಗ ಹಿಡಿಸುವುದಾದರೆ ದೊಡ್ಡ ಫ್ಯಾನನ್ನೇ ಹಾಕಿ. ಅಷ್ಟೇ ಗಾಳಿಗೆ ಅದು ನಿಧಾನವಾಗಿ ತಿರುಗಿದರೆ ಸಾಕು, ಒಂದೇ ಖೋಲಿಯಲ್ಲಿ ಮಲಗುವವರ ನಿದ್ದೆಯೂ ಕೆಡದು.

ಅನೇಕರು ಗಮನಿಸದ ಒಂದು ಸಂಗತಿಯಿದೆ. ಬಹಳಷ್ಟು ಪೆಟ್ಟಿಗೆಗಳಲ್ಲಿ ಫ್ಯಾನಿನ ವೇಗ ಪ್ರೊಸೆಸರಿನ ಬಿಸಿಯನ್ನು ನೋಡಿ ಏರಿಳಿಯುತ್ತದೆ, ಡಿಸ್ಕಿನ ಬಿಸಿಯನ್ನು ನೋಡಿ ಅಲ್ಲ. ಮನೆಯ ಸರ್ವರಿನಲ್ಲಿ ಪ್ರೊಸೆಸರು ಹೆಚ್ಚು ಹೊತ್ತು ಸುಮ್ಮನೆ ಕುಳಿತಿರುತ್ತದೆ, ಫ್ಯಾನೂ ತೂಕಡಿಸುತ್ತದೆ, ಡಿಸ್ಕುಗಳು ಮಾತ್ರ ಬೇಯುತ್ತವೆ. ಯಂತ್ರ ಶುರುವಾಗುವಾಗ ಸೆಟ್ಟಿಂಗಿಗೆ ಹೋಗಿ, ಫ್ಯಾನು ಇಷ್ಟಕ್ಕಿಂತ ಕೆಳಗೆ ಇಳಿಯಕೂಡದೆಂದು ಗೊತ್ತುಮಾಡಿ. ಇದಕ್ಕೆ ಕಾಸಿನ ಖರ್ಚಿಲ್ಲ.

ಎಂಥ ಫ್ಯಾನೂ ಡಿಸ್ಕನ್ನು ಖೋಲಿಗಿಂತ ತಂಪು ಮಾಡಲಾರದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಪುಸ್ತಕ ಭಂಡಾರವಿದೆ. ಎಷ್ಟೋ ಹಳೆಯ ಕನ್ನಡ ಪುಸ್ತಕಗಳ ಪ್ರತಿಗಳೂ ಅಲ್ಲಿವೆ. ಅದು ತನ್ನ ಡಿಸ್ಕುಗಳನ್ನು ಹವಾನಿಯಂತ್ರಣವಿಲ್ಲದೆಯೇ ನಡೆಸಿ, ಆ ಬಿಸಿಯಿಂದ ಕಟ್ಟಡವನ್ನು ಬೆಚ್ಚಗಿಡುತ್ತದೆ. ಅದು ಚಳಿಗಾಳಿಯ ಊರು. ನಮ್ಮಲ್ಲಿ 1956ರ ಮಾರ್ಚ್ 28ರಂದು ಸಾಂತಾಕ್ರೂಜ್‌ನಲ್ಲಿ 41.7 ಡಿಗ್ರಿ ದಾಖಲಾಗಿತ್ತು. ಮುಲುಂಡ್ ಕಡಲಿನಿಂದ ಅದಕ್ಕಿಂತ ದೂರ, ಪಶ್ಚಿಮಕ್ಕೆ ಗುಡ್ಡ ಬೇರೆ. ಆದ್ದರಿಂದ ಪೆಟ್ಟಿಗೆಯನ್ನು ತಗಡಿನ ಮಾಡಿನ ಕೆಳಗಿನ ಅಟ್ಟದ ಮೇಲಾಗಲಿ, ಮುಚ್ಚಿದ ಕಪಾಟಿನೊಳಗಾಗಲಿ ಇಡಬೇಡಿ. ಹಿಂಬದಿಗೆ ಒಂದು ಗೇಣು ಜಾಗವಿರಲಿ. ತಿಂಗಳಿಗೊಮ್ಮೆ ಧೂಳು ತೆಗೆಯಿರಿ. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಸರಿಹೋಯಿತೆಂದು ತಿಳಿಯುವ ಬಗೆ ಹೇಗೆ? ಡಿಸ್ಕು ತನ್ನ ಬಿಸಿಯನ್ನು ತಾನೇ ಬರೆದಿಡುತ್ತದೆ. ಸ್ಮಾರ್ಟ್ ಎಂಬ ವರದಿಯಲ್ಲಿ ಸಾಮಾನ್ಯವಾಗಿ 194ನೆಯ ಸಂಖ್ಯೆಯ ಸಾಲನ್ನು ನೋಡಿ. ಒಂದು ವಾರ, ದಿನವೂ ಒಂದೇ ಹೊತ್ತಿನಲ್ಲಿ, ಖೋಲಿಯ ಡಿಗ್ರಿ ಮತ್ತು ಡಿಸ್ಕಿನ ಡಿಗ್ರಿ ಎರಡನ್ನೂ ನೋಟುಬುಕ್ಕಿನಲ್ಲಿ ಬರೆದು ಕಳೆಯಿರಿ. ವ್ಯತ್ಯಾಸ ಹತ್ತರ ಆಸುಪಾಸಿದ್ದರೆ ನೆಮ್ಮದಿ. ಇಪ್ಪತ್ತಾದರೆ, 36 ಡಿಗ್ರಿಯ ಮಧ್ಯಾಹ್ನ ಡಿಸ್ಕು 56ಕ್ಕೆ ಬಂದಿತು. ಅನೇಕ ತಯಾರಕರು ಹೇಳುವ ಮಿತಿ 60ರ ಸುಮಾರು. ಒಂದೊಂದೇ ಬದಲಾವಣೆ ಮಾಡಿ, ಮತ್ತೆ ಬರೆಯಿರಿ. ಆಗ ಯಾವುದರಿಂದ ಉಪಕಾರವಾಯಿತೆಂಬುದು ಪುಸ್ತಕದಲ್ಲೇ ಕಾಣುತ್ತದೆ.

ಹಾಗೆಂದು ಒಂದೆರಡು ಡಿಗ್ರಿಗಾಗಿ ನಿದ್ದೆಗೆಡಬೇಕಾಗಿಲ್ಲ. 2007ರಲ್ಲಿ ಗೂಗಲ್ ಕಂಪನಿಯವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ, ಸಾಧಾರಣ ಬಿಸಿಗೂ ಡಿಸ್ಕು ಕೆಡುವುದಕ್ಕೂ ಜನ ಭಾವಿಸಿದಷ್ಟು ಸಂಬಂಧವಿಲ್ಲವೆಂದು ಕಂಡರು. ಅತಿ ಬಿಸಿ, ಅದರಲ್ಲೂ ಮೂರು ವರ್ಷ ದಾಟಿದ ಡಿಸ್ಕು, ಇಲ್ಲಿಯೇ ಅಪಾಯ. ತಂಪಾಗಿದ್ದ ಡಿಸ್ಕುಗಳೂ ಕೆಟ್ಟಿದ್ದವು ಎಂಬುದನ್ನು ಮಾತ್ರ ಮರೆಯಬಾರದು. ತಂಪು ಮಾಡುವುದು ಡಿಸ್ಕಿನ ಆರೈಕೆ. ಕಾಗದಪತ್ರಗಳ ರಕ್ಷಣೆ ಬೇರೆಯೇ ಮಾತು. ಅದಕ್ಕೆ ಇನ್ನೊಂದು ಪ್ರತಿ ಬೇಕು, ಅದೂ ಬೇರೊಂದು ಮನೆಯಲ್ಲಿ. ರಜೆಗೆ ಊರಿಗೆ ಹೋಗುವಾಗ ಒಂದು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಟ್ಟು ಬನ್ನಿ.

ಮನೆಯಲ್ಲಿ ಇಂಥ ಪೆಟ್ಟಿಗೆಯಿರುವವರು ಮುಂದಿನ ಸಭೆಗೆ ತಮ್ಮ ಒಂದು ವಾರದ ಅಂಕಿಗಳನ್ನು ಬರೆದು ತಂದರೆ ಎಲ್ಲರೂ ಕೂಡಿ ನೋಡೋಣ.